ಸಿಐಡಿ 999 ವಾಪಸ್ ಬರ್ಬೇಕಾ? ಮೊದಲು ಪ್ರಿಂಟ್ ಹುಡುಕ್ರಪ್ಪ

ಮೊನ್ನೆ ಅಕ್ಕನ ಮಗ ಫೋನ್ ಹಿಡ್ಕೊಂಡು ಬಂದ. ಪಿಯುಸಿ ಓದೋ ಹುಡುಗ, ದಿನಕ್ಕೆ ನೂರು ರೀಲ್ಸ್ ನೋಡ್ತಾನೆ. "ಮಾಮ, ಅಣ್ಣಾವ್ರದ್ದು ಒಂದು ಇಂಗ್ಲಿಷ್ ಹಾಡು ಇದ್ಯಲ್ಲ, ಇವತ್ತು ಬಂದ್ರೆ ತುಂಬಾ ಬೇಗ, ನಾಳೆ ಬಂದ್ರೆ ತುಂಬಾ ಲೇಟು ಅಂತ, ಅದು ಯಾವ ಸಿನಿಮಾ?" ಅಂದ. ಆಪರೇಷನ್ ಡೈಮಂಡ್ ರಾಕೆಟ್ ಕಣೋ, ಅಣ್ಣಾವ್ರು ಗೂಢಚಾರ ಆಗಿರೋ ಸಿಐಡಿ 999 ಸೀರೀಸ್‌ದು ಅಂದೆ. "ಸಿಐಡಿನಾ? ದಯಾ ಬಾಗಿಲು ಒಡೀತಾನಲ್ಲ, ಅದಾ?" ಅಂತ ಕೇಳಿದ. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಹಾಡು ಊರೆಲ್ಲಾ ಗೊತ್ತು, ಆ ಹಾಡು ಯಾವ ಸಿನಿಮಾದ್ದು ಅಂತ ಗೊತ್ತಿಲ್ಲ, ಆ ಸಿನಿಮಾಗೆ ಮುಂಚೆ ಇನ್ನೂ ಮೂರು ಇದ್ವು ಅಂತ ಅಂತೂ ಕನಸಲ್ಲೂ ಗೊತ್ತಿಲ್ಲ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಈಗ ಎಲ್ಲಿ ನೋಡಿದ್ರೂ ಹಳೇ ಸಿನಿಮಾಗಳನ್ನ ಎಬ್ಬಿಸೋ ಮಾತೇ. ಜೇಮ್ಸ್ ಬಾಂಡ್ ಸಿನಿಮಾಗಳ ಕ್ರಿಯೇಟಿವ್ ಕಂಟ್ರೋಲ್ 2025ರ ಫೆಬ್ರವರಿಯಲ್ಲಿ, ಅವನ್ನ ಮಾಡ್ತಿದ್ದ ಬ್ರಾಕಲಿ ಕುಟುಂಬದ ಕೈ ಬಿಟ್ಟು ಅಮೆಜಾನ್‌ಗೆ ಹೋಯ್ತು, ಹೊಸ ಬಾಂಡ್‌ನ ಡೆನಿಸ್ ವಿಲ್ನೋವ್ ಡೈರೆಕ್ಟ್ ಮಾಡ್ತಾರೆ ಅಂತ ಜೂನ್‌ನಲ್ಲಿ ಹೇಳಿದ್ರು. ನಮ್ಮಲ್ಲೂ ಹೇಮಂತ್ ರಾವ್ ಅವರು ಶಿವಣ್ಣ, ಡಾಲಿ ಧನಂಜಯ ಇಬ್ಬರನ್ನೂ ಹಾಕ್ಕೊಂಡು 666 ಆಪರೇಷನ್ ಡ್ರೀಮ್ ಥಿಯೇಟರ್ ಅಂತ ಸಿನಿಮಾ ಅನೌನ್ಸ್ ಮಾಡಿದ್ರು. ಒಂದು ಮೂರಂಕಿ ನಂಬರ್ರು, ಪಕ್ಕದಲ್ಲಿ ಆಪರೇಷನ್ ಅನ್ನೋ ಪದ, ಹೆಸರು ಕೇಳಿದ ತಕ್ಷಣ ನಮ್ ಕಾಲದವರಿಗೆ ಯಾವುದು ನೆನಪಾಗತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಆಮೇಲೆ ಪ್ರತಿ ಏಪ್ರಿಲ್ 24ಕ್ಕೆ, ಅಂದ್ರೆ ಅಣ್ಣಾವ್ರ ಹುಟ್ಟುಹಬ್ಬದ ದಿನ, ಯಾರಾದ್ರೂ ಒಬ್ರು "ಸಿಐಡಿ 999 ರೀಬೂಟ್ ಮಾಡ್ಬೇಕು, ಯಾರು ಹೀರೋ ಆಗ್ಬೇಕು" ಅಂತ ಶುರು ಮಾಡ್ತಾರೆ, ಕಾಮೆಂಟ್‌ಗಳಲ್ಲಿ ಫ್ಯಾನ್ಸ್ ಹೊಡೆದಾಟ. ಹೀರೋ ಯಾರು ಅನ್ನೋದು ಕೊನೇ ಪ್ರಶ್ನೆ ಅಂತ ನನ್ ಅಭಿಪ್ರಾಯ. ಅದಕ್ಕೆ ಮುಂಚೆ ಕೇಳ್ಬೇಕಾದ್ದು ಬೇಜಾನ್ ಇದೆ.

ಗೊತ್ತಿಲ್ದೇ ಇರೋರಿಗೆ ಒಂದ್ಸಲ ಹೇಳ್ಬಿಡ್ತೀನಿ. 1968ರಲ್ಲಿ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, ಆಮೇಲೆ ಒಂಬತ್ತು ವರ್ಷ ಸೈಲೆಂಟು, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ನಾಲ್ಕಕ್ಕೂ ಡೈರೆಕ್ಟರ್ ದೊರೈ-ಭಗವಾನ್ ಜೋಡಿ, ನಾಲ್ಕಕ್ಕೂ ಮ್ಯೂಸಿಕ್ ಜಿ.ಕೆ. ವೆಂಕಟೇಶ್, ನಾಲ್ಕರಲ್ಲೂ ಏಜೆಂಟ್ ಪ್ರಕಾಶ್ ಆಗಿ ರಾಜ್‌ಕುಮಾರ್. ಕಸ್ತೂರಿ ನಿವಾಸ ಮಾಡಿದ್ದೂ ಇದೇ ದೊರೈ-ಭಗವಾನ್, ಅಂದ್ರೆ ಕಣ್ಣೀರು ಹಾಕ್ಸೋ ಸಿನಿಮಾ ಮಾಡೋರೇ ಪಿಸ್ತೂಲು ಹಿಡಿಸಿದ್ದು. ಹೀರೋಯಿನ್‌ಗಳ ಲಿಸ್ಟ್ ನೋಡಿದ್ರೆ ತಲೆ ತಿರುಗತ್ತೆ, ಮೊದಲನೇದ್ರಲ್ಲಿ ಜಯಂತಿ, ಎರಡನೇದ್ರಲ್ಲಿ ಲಕ್ಷ್ಮಿ ಅವರ ಮೊದಲ ಕನ್ನಡ ಸಿನಿಮಾ, ಮೂರನೇದ್ರಲ್ಲಿ ರೇಖಾ, ಹೌದು ಅದೇ ರೇಖಾ, ಹಿಂದಿಗೆ ಹೋಗೋಕ್ ಮುಂಚೆ ನಾಯಕಿ ಆಗಿ ಮೊದಲು ಬಂದಿದ್ದು ಇಲ್ಲಿ. ನಾಲ್ಕನೇದ್ರಲ್ಲಿ ಪದ್ಮಪ್ರಿಯ.

ಕನ್ನಡಕ್ಕೆ ಮಾತ್ರ ಬಂದಿದ್ದ ಜ್ವರ ಅಲ್ಲ ಇದು. ಶಾನ್ ಕಾನರಿ ಬಾಂಡ್ ಆಗಿ 1962ರಲ್ಲಿ ಶುರು ಮಾಡಿದ ಮೇಲೆ ಎಲ್ಲಾ ಭಾಷೆಯವರಿಗೂ ಒಬ್ಬ ಗೂಢಚಾರ ಬೇಕಾಯ್ತು. 1966ರಲ್ಲಿ ತೆಲುಗಲ್ಲಿ ಕೃಷ್ಣ ಗೂಢಚಾರಿ 116 ಮಾಡಿದ್ರು, ಮುಂದಿನ ವರ್ಷ ಅದೇ ಹಿಂದಿಯಲ್ಲಿ ಫರ್ಜ್ ಆಗಿ ಜೀತೇಂದ್ರ ಕೈಗೆ ಹೋಯ್ತು, ತಮಿಳಲ್ಲಿ ಜೈಶಂಕರ್ ಸಾಲುಸಾಲಾಗಿ ಇಂಥದ್ದೇ ಮಾಡ್ತಿದ್ರು. ಆದ್ರೆ ಕನ್ನಡದಲ್ಲಿ ಒಂದು ವಿಶೇಷ ಇತ್ತು. ಇಲ್ಲಿ ಪಿಸ್ತೂಲು ಹಿಡಿದ ಮನುಷ್ಯ ಬೇಡರ ಕಣ್ಣಪ್ಪ. ಮಂತ್ರಾಲಯ ಮಹಾತ್ಮೆಯ ರಾಯರು. 1967ರಲ್ಲಿ ಇಮ್ಮಡಿ ಪುಲಿಕೇಶಿಯಾಗಿ ಕಿರೀಟ ಹಾಕ್ಕೊಂಡಿದ್ದವರು ಮುಂದಿನ ವರ್ಷ ಸೂಟ್ ಹಾಕ್ಕೊಂಡು ಬಂದ್ರು. ಅದೂ ಹೇಗೆ, 1968 ಒಂದೇ ವರ್ಷದಲ್ಲಿ ಅವರ ಹತ್ತಕ್ಕೂ ಹೆಚ್ಚು ಸಿನಿಮಾ ರಿಲೀಸ್ ಆಗಿವೆ, ತ್ರಿವೇಣಿ ಕಾದಂಬರಿಯ ಹಣ್ಣೆಲೆ ಚಿಗುರಿದಾಗ ಕೂಡ ಅದರಲ್ಲಿ ಒಂದು. ಒಂದು ಕಡೆ ವಿಧವಾ ವಿವಾಹದ ಬಗ್ಗೆ ಸಿನಿಮಾ, ಇನ್ನೊಂದು ಕಡೆ ಗೋವಾದಲ್ಲಿ ಚೇಸಿಂಗ್, ಎರಡನ್ನೂ ಅದೇ ಜನ ಅದೇ ಟಾಕೀಸಲ್ಲಿ ಕೂತು ನೋಡಿದ್ರು.

ಇಲ್ಲೇ ನನಗೆ ಅನ್ನಿಸೋದು ಏನಂದ್ರೆ, ಸಿಐಡಿ 999ನ ಬಾಂಡ್ ಕಾಪಿ ಅಂತ ಹೇಳಿ ಮುಗಿಸಿಬಿಟ್ರೆ ಅರ್ಧ ವಿಷಯ ಕೈತಪ್ಪಿ ಹೋಗತ್ತೆ. ಆಗಿನ ಬೆಂಗಳೂರು ಹೇಗಿತ್ತು ಯೋಚ್ನೆ ಮಾಡಿ, ಎಚ್‌ಎಎಲ್ ಇತ್ತು, ಐಟಿಐ ಇತ್ತು, ಬಿಇಎಲ್ ಇತ್ತು, ಎಚ್‌ಎಂಟಿಯವರು 1961ರಿಂದ ವಾಚ್ ಮಾಡ್ತಿದ್ರು. ಹಳ್ಳಿ ಬಿಟ್ಟು ಬಂದ ಮೊದಲ ತಲೆಮಾರಿನ ಹುಡುಗ್ರು ಬೆಳಿಗ್ಗೆ ಫ್ಯಾಕ್ಟರಿ ಬಸ್ ಹತ್ತಿ ಹೋಗಿ ಟೆಲಿಫೋನ್, ರೇಡಿಯೋ, ವಿಮಾನದ ಪಾರ್ಟು ಜೋಡಿಸಿ ಸಂಜೆ ಮನೆಗೆ ಬಂದು ಅಮ್ಮನ ಕೈಲಿ ಮುದ್ದೆ ತಿನ್ನೋರು. ಅಂಥವರ ಮುಂದೆ ಒಬ್ಬ ಹೀರೋ ಬಂದು ಕೈಯಲ್ಲಿ ವೈರ್‌ಲೆಸ್ ಹಿಡಿದು, ಸೂಟ್ ಹಾಕಿ, ಲೈಟು ಮಿನುಗೋ ಮಿಷಿನ್ನು ಇರೋ ವಿಲನ್ ಅಡ್ಡಾಗೆ ನುಗ್ಗಿ, ಅಷ್ಟೆಲ್ಲಾ ಆದ್ಮೇಲೂ ಮನೆ ಮಗನ ಹಾಗೇ ಇದ್ರೆ ಅದು ಬರೀ ಮಜಾ ಅಲ್ಲ, ಈ ಹೊಸ ಜಗತ್ತಿಗೆ ಹೋದ್ರೂ ನೀನು ಕೆಟ್ಟುಹೋಗಲ್ಲ ಅಂತ ಒಂದು ಧೈರ್ಯ. ಇಂಗ್ಲಿಷ್ ಬಾಂಡ್ ಗ್ಲಾಸು ಹಿಡಿದೇ ಫೇಮಸ್ಸು, ನಮ್ ಅಣ್ಣಾವ್ರು ತೆರೆ ಮೇಲೆ ಕುಡಿಯೋದು ಸೇದೋದು ಬೇಡ ಅಂತ ಹೆಸರಾದವರು. ಬಾಂಡ್ ಮಾಡೋ ಕೆಲಸ ಎಲ್ಲಾ ಮಾಡಿಸ್ಬೇಕು, ಆದ್ರೆ ಬಾಂಡ್ ಆಗ್ಬಾರ್ದು. ಈ ಬ್ಯಾಲೆನ್ಸೇ ಸಿಐಡಿ 999.

ಗೋವಾ ವಿಷಯನೂ ಹಾಗೇ. ಈಗ ಗೋವಾ ಅಂದ್ರೆ ಶುಕ್ರವಾರ ರಾತ್ರಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಬರೋದು. 1968ರಲ್ಲಿ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆ ಆಗಿ ಇನ್ನೂ ಏಳು ವರ್ಷನೂ ತುಂಬಿರಲಿಲ್ಲ, ನಮ್ ಜನಕ್ಕೆ ಅದು ಪಕ್ಕದ ಮನೆಯಲ್ಲೇ ಇದ್ದ ಫಾರಿನ್. ಟೈಟಲ್‌ನಲ್ಲೇ ಗೋವಾ ಅಂತ ಹಾಕಿದ್ದು ಸುಮ್ನೆ ಅಲ್ಲ. ಇನ್ನೊಂದು ತಮಾಷೆ, ದೇಶದ ಹೊರಗಿನ ಗೂಢಚಾರಿಕೆಗೆ ಅಂತ ರಾ ಸಂಸ್ಥೆ ಶುರು ಆಗಿದ್ದೇ 1968ರ ಸೆಪ್ಟೆಂಬರ್‌ನಲ್ಲಿ. ಸರ್ಕಾರಕ್ಕೂ ಗಾಂಧಿನಗರಕ್ಕೂ ಒಂದೇ ವರ್ಷ ಐಡಿಯಾ ಬಂದಿದೆ.

ಈಗ ರಿವೈವಲ್ ವಿಷಯಕ್ಕೆ ಬರೋಣ. ಯಾರೂ ಗಮನಿಸದೇ ಇರೋ ಸಂಗತಿ ಏನಂದ್ರೆ ಈ ಸರಣಿಯ ಮೊದಲ ರಿವೈವಲ್ ಮಾಡಿದ್ದು ಸ್ವತಃ ದೊರೈ-ಭಗವಾನ್ ಅವರೇ, 1978ರಲ್ಲಿ. ಆ ಒಂಬತ್ತು ವರ್ಷದಲ್ಲಿ ಏನೇನಾಗಿತ್ತು ನೋಡಿ. ಬಂಗಾರದ ಮನುಷ್ಯ ಬಂದು ಹೋಗಿತ್ತು, ಗಂಧದ ಗುಡಿ, ಮಯೂರ, ಬಭ್ರುವಾಹನ ಎಲ್ಲಾ ಆಗಿತ್ತು. ಮೊದಲ ಮೂರು ಬ್ಲಾಕ್ ಅಂಡ್ ವೈಟು, ನಾಲ್ಕನೇದು ಕಲರ್. ಮೊದಲೆಲ್ಲ ಅವರಿಗೆ ಪಿ.ಬಿ. ಶ್ರೀನಿವಾಸ್ ದನಿ, 1974ರ ಸಂಪತ್ತಿಗೆ ಸವಾಲ್ ಆದ್ಮೇಲೆ ಅಣ್ಣಾವ್ರೇ ಹಾಡೋಕೆ ಶುರು ಮಾಡಿದ್ರಲ್ಲ, ಹಾಗಾಗಿ ಆ ಇಂಗ್ಲಿಷ್ ಹಾಡು ಅವರ ಬಾಯಲ್ಲೇ ಬಂತು, ಬರೆದಿದ್ದು ಚಿ. ಉದಯಶಂಕರ್. ಅಷ್ಟೇ ಅಲ್ಲ, ಟೈಟಲ್ ಗಮನಿಸಿ, ನಾಲ್ಕನೇದ್ರಲ್ಲಿ ಸಿಐಡಿ 999 ಅನ್ನೋದೇ ಇಲ್ಲ! ಇವತ್ತಿನ ಪ್ರೊಡ್ಯೂಸರ್ ಆಗಿದ್ರೆ ಕಥೆ ಬಿಟ್ರೂ ಆ ನಂಬರ್ ಬಿಡ್ತಿರಲಿಲ್ಲ. ಅವರಿಗೆ ನಂಬರ್ ಮೇಲೆ ಡಿಪೆಂಡ್ ಆಗೋ ಅಗತ್ಯ ಕಾಣ್ಲಿಲ್ಲ. ಆಮೇಲೆ ನೋಡಿ, ಆ ಹಳೇ ಮೂರರಲ್ಲಿ ಯಾವುದೂ ಇವತ್ತಿನ ಹುಡುಗರ ಫೋನ್‌ಗೆ ಬಂದಿಲ್ಲ, ರಿವೈವಲ್ ಸಿನಿಮಾದ ಹಾಡು ಬಂದಿದೆ.

ಹಳೇದನ್ನ ಎಬ್ಬಿಸೋದು ಯಾಕೆ ಕೆಲವು ಕಡೆ ಗೆಲ್ಲತ್ತೆ, ಕೆಲವು ಕಡೆ ಮಕಾಡೆ ಮಲಗತ್ತೆ ಅನ್ನೋದಕ್ಕೆ ಕಮಲ್ ಹಾಸನ್ ಒಬ್ಬರನ್ನ ನೋಡಿದ್ರೆ ಸಾಕು. 1986ರ ವಿಕ್ರಮ್ ಅನ್ನೋ ಸ್ಪೈ ಸಿನಿಮಾ ಅವತ್ತು ಅಂಥಾ ದೊಡ್ಡ ಹೆಸರೇನೂ ಮಾಡ್ಲಿಲ್ಲ. ಅದರ ಹೆಸರು, ಆ ಏಜೆಂಟು, ಸ್ವಲ್ಪ ಹಳೇ ಟ್ಯೂನು, ಅಷ್ಟು ಮಾತ್ರ ಇಟ್ಕೊಂಡು ಲೋಕೇಶ್ ಕನಕರಾಜ್ 2022ರಲ್ಲಿ ತನ್ನದೇ ಕಥೆ ಹೇಳಿದ್ರು, ಸೂಪರ್ ಹಿಟ್. ಅದೇ ಕಮಲ್, 1996ರ ಇಂಡಿಯನ್, ಅದು ಅವತ್ತೇ ದೊಡ್ಡ ಹಿಟ್, ಅದರ ಡೈರೆಕ್ಟರ್ ಶಂಕರ್ ಅವರೇ 28 ವರ್ಷ ಆದ್ಮೇಲೆ 2024ರಲ್ಲಿ ಎರಡನೇ ಭಾಗ ತಂದ್ರು, ಬಿತ್ತು. ಮೊದಲನೇ ಭಾಗದಲ್ಲೇ ಸೇನಾಪತಿ ಸ್ವಾತಂತ್ರ್ಯ ಹೋರಾಟ ಮಾಡಿದ್ದ ತಾತ, ಎರಡನೇ ಭಾಗದ ಹೊತ್ತಿಗೆ ಲೆಕ್ಕ ಹಾಕಿದ್ರೆ ನೂರು ದಾಟಿರ್ಬೇಕು, ಆದ್ರೂ ಒಂಟಿ ಚಕ್ರದ ಮೇಲೆ ಓಡಾಡ್ತಾನೆ. ನನ್ ಪ್ರಕಾರ ವಯಸ್ಸೊಂದೇ ಸಮಸ್ಯೆ ಅಲ್ಲ, 1996ರಲ್ಲಿ ಲಂಚದ ಮೇಲೆ ಜನಕ್ಕಿದ್ದ ಸಿಟ್ಟು ಒಂಥರಾ, 2024ರಲ್ಲಿ ಬೇರೆ ಥರಾ, ಸಿನಿಮಾ ಮಾತ್ರ ಅದೇ ಸಿಟ್ಟನ್ನ ಬಿಸಿ ಮಾಡಿ ಬಡಿಸ್ತು. ವಿಕ್ರಮ್‌ನಲ್ಲಿ ಬಿಸಿ ಮಾಡೋಕೆ ಹಳೇ ಸಾರೇ ಇರ್ಲಿಲ್ಲ, ಹಾಗಾಗಿ ಹೊಸದಾಗಿ ಮಾಡಿದ್ರು.

ಬಾಂಡ್‌ಗೂ ಇದೇ ಗತಿ ಬಂದಿತ್ತು. 1989 ಆದ್ಮೇಲೆ ಆರು ವರ್ಷ ಬಾಂಡ್ ಸಿನಿಮಾನೇ ಇಲ್ಲ, ಒಂದು ಕಡೆ ಕೋರ್ಟು ಕಚೇರಿ, ಇನ್ನೊಂದು ಕಡೆ ಸೋವಿಯತ್ ಯೂನಿಯನ್ನೇ ಮುಳುಗಿಹೋಯ್ತು, ಶತ್ರುನೇ ಇಲ್ಲ ಅಂದ್ರೆ ಗೂಢಚಾರ ಏನ್ ಮಾಡ್ಬೇಕು? 1995ರ ಗೋಲ್ಡನ್‌ಐನಲ್ಲಿ ಅವರು ಬುದ್ಧಿವಂತಿಕೆ ತೋರಿಸಿದ್ರು, ಬಾಂಡ್‌ನ ಬಾಸ್ ಜಾಗಕ್ಕೆ ಜೂಡಿ ಡೆಂಚ್ ಅನ್ನೋ ಹೆಂಗಸನ್ನ ಕೂರಿಸಿ, ನೀನು ಹಳೇ ಕಾಲದ ಪ್ರಾಣಿ ಕಣಯ್ಯ ಅಂತ ಅವನ ಮುಖಕ್ಕೇ ಹೇಳಿಸಿದ್ರು. ಪ್ರೇಕ್ಷಕ ಮನಸ್ಸಲ್ಲಿ ಅಂದ್ಕೊಳೋದನ್ನ ಸಿನಿಮಾನೇ ಮೊದಲು ಹೇಳಿಬಿಟ್ರೆ ಅರ್ಧ ಜಗಳ ಮುಗೀತು. 2002ರ ಸಿನಿಮಾದಲ್ಲಿ ಕಾಣದೇ ಹೋಗೋ ಕಾರು ತಂದು ಮತ್ತೆ ನಗೆಪಾಟಲು, 2006ರಲ್ಲಿ ಡೇನಿಯಲ್ ಕ್ರೇಗ್‌ನ ತಂದು ಗ್ಯಾಜೆಟ್ ಎಲ್ಲಾ ಕಿತ್ತು ಬಿಸಾಕಿ ಮತ್ತೆ ನೆಲಕ್ಕಿಳಿಸಿದ್ರು.

ನಮ್ಮಲ್ಲಿ ಪಾಠ ಇಲ್ವಾ ಅಂದ್ರೆ ಇದೆ, ಒಂದೇ ಹೆಸರಲ್ಲಿ ಎರಡು ಪಾಠ ಇದೆ. ನಾಗರಹಾವು. 1972ರದ್ದು, ಪುಟ್ಟಣ್ಣ ಕಣಗಾಲ್, ತ.ರಾ.ಸು. ಕಾದಂಬರಿಗಳು, ಚಿತ್ರದುರ್ಗ, ರಾಮಾಚಾರಿ, ಹೇಳೋದೇ ಬೇಡ. 2016ರಲ್ಲಿ ಅದೇ ಹೆಸರಿಟ್ಕೊಂಡು ಕೋಡಿ ರಾಮಕೃಷ್ಣ ಡೈರೆಕ್ಷನ್‌ನಲ್ಲಿ ಸಂಬಂಧವೇ ಇಲ್ಲದ ಒಂದು ಹಾವಿನ ಸಿನಿಮಾ ಬಂತು, 2009ರಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರನ್ನ ಗ್ರಾಫಿಕ್ಸ್‌ನಲ್ಲಿ ಎಬ್ಬಿಸಿ ಅವರ 201ನೇ ಸಿನಿಮಾ ಅಂತ ಪಬ್ಲಿಸಿಟಿ ಕೊಟ್ರು. ಆ ಮುಖ ಬಂದಾಗ ಥಿಯೇಟರಲ್ಲಿ ಶಿಳ್ಳೆ ಬಿತ್ತು ನಿಜ, ನಾನೂ ಹೊಡ್ದಿದೀನಿ, ಆದ್ರೆ ಮನೆಗೆ ಬಂದ್ಮೇಲೆ ಏನೋ ಒಂಥರಾ ಕಸಿವಿಸಿ. ಎರಡು ವರ್ಷ ಆದ್ಮೇಲೆ, 2018ರ ಜುಲೈ 20ಕ್ಕೆ, ಹಳೇ ನಾಗರಹಾವನ್ನೇ ಕ್ಲೀನ್ ಮಾಡಿ, ಸಿನಿಮಾಸ್ಕೋಪ್ ಮಾಡಿ, 7.1 ಸೌಂಡ್ ಹಾಕಿ ರಿಲೀಸ್ ಮಾಡಿದ್ರು. 46 ವರ್ಷದ ಹಿಂದಿನ ಸಿನಿಮಾ. ಕಾಲೇಜು ಹುಡುಗ್ರು ಹೋಗಿ ಚಾಮಯ್ಯ ಮೇಷ್ಟ್ರನ್ನ ನೋಡಿ ಅತ್ರು. ಯಾವುದು ರಿವೈವಲ್ ಅಂತ ನೀವೇ ಹೇಳಿ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ಗಂಧದ ಗುಡಿ. 1973ರಲ್ಲಿ ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ, ಅಣ್ಣಾವ್ರು ಫಾರೆಸ್ಟ್ ಆಫೀಸರ್, ಕಾಡುಗಳ್ಳರ ಕಥೆ. 90ರ ದಶಕದಲ್ಲಿ ಶಿವಣ್ಣ ಇಟ್ಕೊಂಡು ಎರಡನೇ ಭಾಗ ಬಂತು, ಅದನ್ನ ಇವತ್ತು ಎಷ್ಟು ಜನ ನೆನೆಸ್ಕೊಳ್ತಾರೆ ಗೊತ್ತಿಲ್ಲ. ಆಮೇಲೆ 2022ರ ಅಕ್ಟೋಬರ್ 28ಕ್ಕೆ ಅದೇ ಹೆಸರಲ್ಲಿ ಅಪ್ಪು ಅವರ ಕೊನೇ ಸಿನಿಮಾ ಬಂತು. ಕಥೆ ಇಲ್ಲ, ಫೈಟ್ ಇಲ್ಲ, ಪಾತ್ರನೂ ಇಲ್ಲ, ಅಪ್ಪು ಅಪ್ಪುವಾಗೇ ವನ್ಯಜೀವಿ ಸಿನಿಮಾ ಮಾಡೋ ಅಮೋಘವರ್ಷ ಜೊತೆ ಕಾಡು ಸುತ್ತುತ್ತಾರೆ, ಹಾವಿಗೆ ಹೆದರ್ತಾರೆ. ಅಪ್ಪ 49 ವರ್ಷದ ಹಿಂದೆ ಆಫೀಸರ್ ವೇಷದಲ್ಲಿ ಹೇಳಿದ್ದನ್ನ ಮಗ ವೇಷ ಇಲ್ಲದೇ ಹೇಳಿದ. ಹಳೇ ಸಿನಿಮಾದ ಒಂದು ಸೀನೂ ರಿಪೀಟ್ ಮಾಡದೇ ಆ ಸಿನಿಮಾ ಯಾತಕ್ಕೆ ಇತ್ತೋ ಅದನ್ನ ಮುಂದುವರೆಸಿದ್ರು. ಅಪ್ಪು ಇಲ್ಲ ಅನ್ನೋ ದುಃಖಕ್ಕೆ ಜನ ಹೋದ್ರು ಅನ್ನೋದನ್ನ ಒಪ್ತೀನಿ, ಆದ್ರೂ.

ಹಾಗಾದ್ರೆ ಸಿಐಡಿ 999 ಯಾತಕ್ಕೆ ಇತ್ತು ಅಂತ ಮೇಲೆ ಹೇಳಿದ್ನಲ್ಲ, ಹೊಸ ಜಗತ್ತಿಗೆ ಹೆದರಬೇಡ ಅನ್ನೋ ಕೆಲಸ, ಅದು ಇವತ್ತು ಎಲ್ಲಿದೆ? ಗ್ಯಾಜೆಟ್‌ನಲ್ಲಿ ಅಂತೂ ಇಲ್ಲ. ಬೆಂಗಳೂರಲ್ಲಿ ಎದುರು ಮನೆಯವನು ಮಿಷಿನ್ ಲರ್ನಿಂಗ್ ಕೆಲಸ ಮಾಡ್ತಾನೆ, ಕೆಳಗಿನ ಮನೆಯವಳು ಇಸ್ರೋದಲ್ಲಿದ್ದಾಳೆ, ಇಂಥ ಊರಲ್ಲಿ ಪೆನ್ನಲ್ಲಿ ಕ್ಯಾಮೆರಾ ತೋರಿಸಿದ್ರೆ ಆನ್‌ಲೈನ್‌ನಲ್ಲಿ 300 ರೂಪಾಯಿಗೆ ಸಿಗತ್ತೆ ಅಂತಾರೆ. ಹೆದರಿಕೆ ಬೇರೆ ಕಡೆ ಇದೆ. ಮಧ್ಯಾಹ್ನ ಒಂದು ವಿಡಿಯೋ ಕಾಲ್ ಬರತ್ತೆ, ಪೊಲೀಸ್ ಯೂನಿಫಾರ್ಮ್ ಹಾಕಿದವನು ಕೂತಿರ್ತಾನೆ, ನಿಮ್ ಹೆಸರಲ್ಲಿ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಅಂತಾನೆ, ರಿಟೈರ್ಡ್ ಮೇಷ್ಟ್ರು ಇಡೀ ಜೀವನದ ದುಡ್ಡು ಟ್ರಾನ್ಸ್‌ಫರ್ ಮಾಡಿಬಿಡ್ತಾರೆ. ದೇಶದ ಅಪರಾಧಗಳ ದಾಖಲೆ ಇಡೋ ಎನ್‌ಸಿಆರ್‌ಬಿ ಲೆಕ್ಕದಲ್ಲಿ ದೊಡ್ಡ ಸಿಟಿಗಳ ಪೈಕಿ ಸೈಬರ್ ಕ್ರೈಮ್ ಕೇಸ್‌ನಲ್ಲಿ ಬೆಂಗಳೂರೇ ಮುಂದೆ. ಫೋನ್ ಮಾಡಿದವನೂ ಎಷ್ಟೋ ಸಲ ಕೆಲಸ ಕೊಡಿಸ್ತೀವಿ ಅಂತ ಕರ್ಕೊಂಡ್ ಹೋಗಿ ಕಾಂಬೋಡಿಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಕೂಡಿಹಾಕಿರೋ ನಮ್ಮ ದೇಶದ ಹುಡುಗನೇ ಆಗಿರ್ತಾನೆ. ಬೇಲಿ, ಕಾವಲು, ಒಳಗೆ ನೂರಾರು ಕಂಪ್ಯೂಟರು. ಅಯ್ಯೋ, ಇದಕ್ಕಿಂತ ವಿಲನ್ ಅಡ್ಡಾ ಬೇಕಾ ನಿಮಗೆ? ಸೆಟ್ ಹಾಕೋ ಖರ್ಚೂ ಕಮ್ಮಿ. ಮತ್ತೆ ಇಲ್ಲಿ ನಂಬಿಕೆನೇ ವಿಷಯ, ಯೂನಿಫಾರ್ಮ್ ಹಾಕಿದವನೆಲ್ಲಾ ಪೊಲೀಸ್ ಅಲ್ಲ ಅನ್ನೋ ಕಾಲದಲ್ಲಿ ಒಬ್ಬ ಏಜೆಂಟ್ ಬಂದು ನಾನು ಸರ್ಕಾರದ ಕಡೆಯವನು ಅಂದ್ರೆ ಅಜ್ಜಿ ಬಾಗಿಲು ತೆಗೀತಾಳಾ? ಇಲ್ಲಿಂದ ಕಥೆ ಶುರು ಮಾಡ್ಬಹುದು.

ಸಿಐಡಿ ಅನ್ನೋ ಪದದ ಗತಿನೂ ನೋಡಬೇಕು. ಆಗ ಸಿಐಡಿ ಅಂದ್ರೆ ಜನಕ್ಕೆ ಒಂದು ರೋಮಾಂಚನ, ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನ ಕಾದಂಬರಿ ಲೈಬ್ರರಿಯಲ್ಲಿ ಕ್ಯೂ ನಿಂತು ತಗೊಂಡು ಓದ್ತಿದ್ದ ಜನ. ಈಗ ಸಿಐಡಿ ಅಂದ್ರೆ ನ್ಯೂಸ್ ಚಾನೆಲ್ ನೋಡೋರಿಗೆ ಪಿಎಸ್‌ಐ ನೇಮಕಾತಿ ಹಗರಣದ ತನಿಖೆ, ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್ ಮುಂದೆ ಮೈಕ್ ಹಿಡಿದ ರಿಪೋರ್ಟರು, ಮಿಕ್ಕವರಿಗೆ 1998ರಲ್ಲಿ ಶುರುವಾದ ಆ ಹಿಂದಿ ಸೀರಿಯಲ್ಲು. ನಮ್ ಹುಡುಗ ಕೇಳಿದ್ರಲ್ಲಿ ತಪ್ಪೇನಿಲ್ಲ. ಹೊಸ ಸಿನಿಮಾ ಈ ಗೊಂದಲವನ್ನೇ ಜೋಕ್ ಮಾಡ್ಕೊಂಡ್ರೆ ಒಳ್ಳೇದು, ಮುಚ್ಚಿಟ್ಕೊಂಡ್ರೆ ಥಿಯೇಟರಲ್ಲಿ ಬೇರೆ ಯಾರೋ ಆ ಜೋಕ್ ಹೊಡೀತಾರೆ.

ಹೀರೋಯಿನ್ ವಿಷಯ ಮಾತಾಡೋಕೆ ಸ್ವಲ್ಪ ಮುಜುಗರ, ಆದ್ರೆ ಮಾತಾಡ್ಲೇಬೇಕು. ರೇಖಾ ಹುಟ್ಟಿದ್ದು 1954ರಲ್ಲಿ, ಲಕ್ಷ್ಮಿ 1952ರ ಕೊನೇಲಿ. ಅಂದ್ರೆ ಆ ಸಿನಿಮಾಗಳು ಬಂದಾಗ ಇಬ್ಬರಿಗೂ ಹತ್ತಿರ ಹತ್ತಿರ ಹದಿನೈದು. ಹೀರೋ 1929ರಲ್ಲಿ ಹುಟ್ಟಿದವರು. ಆಗ ಎಲ್ಲಾ ಭಾಷೆಯಲ್ಲೂ ಹೀಗೇ ಇತ್ತು ಅಂತ ಹೇಳಿ ತಪ್ಪಿಸ್ಕೋಬಹುದು, ಆಗಿನವರನ್ನ ಇವತ್ತು ಕಟಕಟೆಗೆ ನಿಲ್ಲಿಸಿ ಏನೂ ಸಿಗಲ್ಲ. ಆದ್ರೆ ಈಗ ಮಾಡೋರಿಗೆ ಆ ನೆಪ ಇಲ್ಲ. ಐವತ್ತು ದಾಟಿದ ಹೀರೋಗೆ ಇಪ್ಪತ್ತೈದರ ಹುಡುಗಿನ ಜೋಡಿ ಮಾಡಿ ಇದು ಹಳೇ ಸಿನಿಮಾಗೆ ಗೌರವ ಅಂತ ಹೇಳೋದು ನಡೆಯಲ್ಲ. ಜಯಂತಿಯಂಥ ನಟಿ ಆ ಕಾಲದಲ್ಲೇ, 1965ರ ಮಿಸ್ ಲೀಲಾವತಿ ಮಾಡಿ ಕನ್ನಡ ನಾಯಕಿ ಅಂದ್ರೆ ಹೀಗೇ ಇರ್ಬೇಕು ಅನ್ನೋದನ್ನ ಮುರಿದವರು, ಅಂಥವರನ್ನ ನಿಜವಾಗಲೂ ಏಜೆಂಟ್ ಮಾಡಿದ್ರೆ ಹೇಗಿರ್ತಿತ್ತು ಅಂತ ನಾನು ಸುಮಾರು ಸಲ ಯೋಚ್ನೆ ಮಾಡಿದೀನಿ. 999 ಒಂದು ನಂಬರ್ ತಾನೇ, ಸರ್ವೀಸ್‌ನಲ್ಲಿ ಒಬ್ಬರು ರಿಟೈರ್ ಆದ್ರೆ ಇನ್ನೊಬ್ಬರಿಗೆ ಹೋಗ್ಬಹುದು. ತೆಲುಗಲ್ಲಿ ಅಡಿವಿ ಶೇಷ್ 2018ರಲ್ಲಿ ಗೂಢಚಾರಿ ಮಾಡಿದಾಗ ಹೊಸ ಹುಡುಗನಿಗೆ ಏಜೆಂಟ್ 116 ಅಂತ ಕೊಟ್ಟು ಸುಮ್ಮನಾದ್ರು, ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರಿಗೆ ಏನೂ ಲಾಸ್ ಆಗ್ಲಿಲ್ಲ. ಕಮ್ಮಿ ಖರ್ಚಿನ ಸಿನಿಮಾ, ಹಳೇ ಕಥೆ ಮುಟ್ಟಲೇ ಇಲ್ಲ. ಅದೇ ಜಾಣತನ. ನಮ್ಮಲ್ಲಿ 2019ರ ಬೆಲ್ ಬಾಟಮ್ ಕೂಡ ಹೀಗೇ, ಯಾವ ಹಳೇ ಪಾತ್ರದ ಹಕ್ಕೂ ತಗೊಳ್ದೇ 80ರ ದಶಕದ ಪತ್ತೇದಾರಿಕೆ ರುಚಿ ಅಷ್ಟೇ ತಗೊಂಡು ಡಿಟೆಕ್ಟಿವ್ ದಿವಾಕರನ್ನ ಹುಟ್ಟಿಸಿದ್ರು.

ಹಕ್ಕು ಅಂದಾಗ ನೆನಪಾಯ್ತು, ಇದು ಫ್ಯಾನ್ಸ್ ಜಗಳದಲ್ಲಿ ಯಾರೂ ಮಾತಾಡದ ವಿಷಯ. ನಮ್ಮ ದೇಶದ ಕಾಪಿರೈಟ್ ಕಾಯ್ದೆ ಪ್ರಕಾರ ಒಂದು ಸಿನಿಮಾದ ಹಕ್ಕು ಅದು ಬಂದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. ಲೆಕ್ಕ ಹಾಕಿ, 1968ರ ಜೇಡರ ಬಲೆ, ಗೋವಾದಲ್ಲಿ ಸಿಐಡಿ 999 ಎರಡರ ಹಕ್ಕೂ 2028ರ ಡಿಸೆಂಬರ್ 31ಕ್ಕೆ ಮುಗಿಯತ್ತೆ. ಮೂರನೇದು ಅದರ ಮುಂದಿನ ವರ್ಷ. ಆಗ ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡ್ಬಹುದು ಅಂತ ಕುಣೀಬೇಡಿ, ಯಾಕಂದ್ರೆ ಸಿನಿಮಾ ಬೇರೆ, ಅದರೊಳಗಿನ ಕಥೆ, ಮಾತು, ಹಾಡು ಬೇರೆ. ಅವಕ್ಕೆ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಆ ಇಂಗ್ಲಿಷ್ ಹಾಡು ಬರೆದ ಚಿ. ಉದಯಶಂಕರ್, ಟ್ಯೂನ್ ಹಾಕಿದ ಜಿ.ಕೆ. ವೆಂಕಟೇಶ್ ಇಬ್ಬರೂ ಹೋಗಿದ್ದು 1993ರಲ್ಲಿ, ಅಂದ್ರೆ 2053ರವರೆಗೂ ಅದು ಯಾರದ್ದೋ ಆಸ್ತಿ. ಭಗವಾನ್ ಅವರು ತೀರಿಕೊಂಡಿದ್ದು 2023ರ ಫೆಬ್ರವರಿಯಲ್ಲಿ. ಯಾವ ಕಥೆ ಯಾರ ಹೆಸರಲ್ಲಿದೆ, ಯಾರ ಮನೆಯವರ ಹತ್ರ ಯಾವ ಪೇಪರ್ ಇದೆ, ಆಗಿನ ಪ್ರೊಡ್ಯೂಸರ್ ಯಾರಿಗೆ ಮಾರಿದ್ರು, ಅವರು ಮತ್ತೆ ಯಾರಿಗೆ ಮಾರಿದ್ರು, ಸ್ಯಾಟಲೈಟ್ ಬೇರೆ, ವಿಡಿಯೋ ಬೇರೆ, ರೀಮೇಕ್ ಬೇರೆ, ಇದನ್ನೆಲ್ಲಾ ಬಿಡಿಸೋಕೆ ಒಬ್ಬ ಒಳ್ಳೇ ಲಾಯರ್ ಬೇಕು, ಸ್ಟಾರ್ ಡೇಟ್ಸ್ ಸಿಗೋದಕ್ಕಿಂತ ಇದು ಕಷ್ಟ.

ಇನ್ನೂ ಕಷ್ಟದ್ದು ಪ್ರಿಂಟು. ಆ ಕಾಲದಲ್ಲಿ ಕನ್ನಡ ಸಿನಿಮಾದ ಬಹುಪಾಲು ಸ್ಟುಡಿಯೋ ಕೆಲಸ, ಲ್ಯಾಬ್ ಕೆಲಸ ಮದ್ರಾಸಲ್ಲೇ ಆಗ್ತಿತ್ತು, ನೆಗೆಟಿವ್‌ಗಳೂ ಅಲ್ಲೇ ಉಳ್ಕೊಳ್ತಿದ್ವು. ಫಿಲಂ ರೀಲು ಸೆಕೆ, ತೇವಕ್ಕೆ ಕೊಳೆಯತ್ತೆ, ಡಬ್ಬ ತೆಗೆದ್ರೆ ವಿನೆಗರ್ ವಾಸನೆ ಹೊಡಿಯತ್ತೆ, ಅದು ಒಂದ್ಸಲ ಶುರುವಾದ್ರೆ ನಿಲ್ಸೋಕಾಗಲ್ಲ, ನಿಧಾನ ಮಾಡ್ಬಹುದು ಅಷ್ಟೇ. ಇದಕ್ಕೆ ದಾರಿ ಇಲ್ಲ ಅಂತಲ್ಲ. ಗಿರೀಶ್ ಕಾಸರವಳ್ಳಿ ಅವರ 1977ರ ಘಟಶ್ರಾದ್ಧ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತೆ ಮಾರ್ಟಿನ್ ಸ್ಕಾರ್ಸೇಸಿ ಅವರ ಸಂಸ್ಥೆ ಸೇರ್ಕೊಂಡು ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಫೆಸ್ಟಿವಲ್‌ನಲ್ಲಿ ಬೆಳಗ್ತು. ಅವಾರ್ಡ್ ಸಿನಿಮಾಗಳನ್ನ ಉಳಿಸೋಕೆ ಯಾರಾದ್ರೂ ಮುಂದೆ ಬರ್ತಾರೆ, ಪಿಸ್ತೂಲು ಹಿಡಿದ ಮಸಾಲೆ ಸಿನಿಮಾ ಯಾರಿಗೆ ಬೇಕು? ಕಸ್ತೂರಿ ನಿವಾಸಕ್ಕೆ 2014ರಲ್ಲಿ ಬಣ್ಣ ಹಚ್ಚಿದ್ರು, ಅದಕ್ಕೂ ಮುಂಚೆ ಸತ್ಯ ಹರಿಶ್ಚಂದ್ರಕ್ಕೆ ಹಚ್ಚಿದ್ರು. ಜೇಡರ ಬಲೆಗೆ ದಯವಿಟ್ಟು ಬಣ್ಣ ಬೇಡ, ಪತ್ತೇದಾರಿ ಸಿನಿಮಾಗೆ ಕತ್ತಲೆ ನೆರಳು ಬೇಕು, ಕ್ಲೀನಾಗಿ ಸ್ಕ್ಯಾನ್ ಮಾಡಿ ಸೌಂಡ್ ಸರಿ ಮಾಡಿದ್ರೆ ಸಾಕು.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ರಿವೈವಲ್ ನಡೆಯೋದು ಜನರ ನೆನಪಿನ ಮೇಲೆ. ಪುನೀತ್ ಅವರ 2002ರ 'ಅಪ್ಪು' ಸಿನಿಮಾ 2025ರ ಮಾರ್ಚ್‌ನಲ್ಲಿ ರೀ-ರಿಲೀಸ್ ಆದಾಗ ಬೆಳಗಿನ ಜಾವದಿಂದ ಹಬ್ಬ, ಯಾಕಂದ್ರೆ 2002ರಲ್ಲಿ ಸ್ಕೂಲಲ್ಲಿದ್ದ ಹುಡುಗ್ರಿಗೆ ಈಗ ಮೂವತ್ತರ ಆಚೆ ಈಚೆ ವಯಸ್ಸು, ಟಿಕೆಟ್ ತಗೊಳೋ ದುಡ್ಡೂ ಇದೆ. 1968ರಲ್ಲಿ ಹದಿನೆಂಟು ಇದ್ದವರಿಗೆ ಈಗ ಎಪ್ಪತ್ತೈದು ದಾಟಿದೆ, ಮಂಡಿ ನೋವು, ರಾತ್ರಿ ಶೋಗೆ ಬರಲ್ಲ. ನಡುವಿನ ನಮ್ಮಂಥವರು ಚಂದನದಲ್ಲಿ ಭಾನುವಾರ ಸಂಜೆ ಕರೆಂಟ್ ಹೋಗೋದ್ರೊಳಗೆ ಅರ್ಧಂಬರ್ಧ ನೋಡಿದವರು. ಹೊಸಬರಿಗೆ ಒಂದು ಹಾಡು ಮಾತ್ರ. ಇದರ ಮೇಲೆ ನೂರು ಕೋಟಿ ಹಾಕಿ ಪ್ಯಾನ್ ಇಂಡಿಯಾ ಮಾಡ್ತೀನಿ ಅಂದ್ರೆ, ಗೋರಖ್‌ಪುರದವನಿಗೆ ಸಿಐಡಿ 999 ಅಂದ್ರೆ ಏನು? ಸಿನಿಮಾ ಡಬ್ ಮಾಡ್ಬಹುದು, ನೆನಪನ್ನ ಡಬ್ ಮಾಡೋಕಾಗಲ್ಲ.

ಹೀರೋ ಯಾರಾಗ್ಬೇಕು ಅಂತ ಕೇಳೇ ಕೇಳ್ತೀರ. ಯಾರಾದ್ರೂ ಆಗ್ಲಿ, ಅಣ್ಣಾವ್ರ ಥರ ಕ್ರಾಪು, ಅಣ್ಣಾವ್ರ ಥರ ನಡಿಗೆ, ಅದೊಂದು ಬೇಡ, ಅದು ಆರ್ಕೆಸ್ಟ್ರಾದಲ್ಲಿ ಚೆನ್ನಾಗಿರತ್ತೆ. ಕಂಪ್ಯೂಟರಲ್ಲಿ ಅವರ ಮುಖ ತರೋದಂತೂ ಬೇಡವೇ ಬೇಡ, 2016ರಲ್ಲಿ ನೋಡಿದ್ವಿ ಸಾಕು.

ಅಂದ ಹಾಗೆ ಹೋದ ಭಾನುವಾರ ನಮ್ ಹುಡುಗನ್ನ ಕೂರಿಸ್ಕೊಂಡು ಯೂಟ್ಯೂಬಲ್ಲಿ ಜೇಡರ ಬಲೆ ಹಾಕ್ದೆ. ಪ್ರಿಂಟು ಮಂಜು ಮಂಜು, ಮೂಲೆಯಲ್ಲಿ ಯಾರದ್ದೋ ಲೋಗೋ, ಸೌಂಡು ಬಾವಿಯೊಳಗಿಂದ ಬಂದ ಹಾಗೆ. ಹತ್ತು ನಿಮಿಷಕ್ಕೆ ಎದ್ದು ಹೋಗ್ತಾನೆ ಅಂದ್ಕೊಂಡಿದ್ದೆ. ನಲವತ್ತು ನಿಮಿಷ ಕೂತ. ಆಮೇಲೆ "ಮಾಮ, ಕತೆ ಪರ್ವಾಗಿಲ್ಲ, ಆದ್ರೆ ಯಾರ ಮುಖನೂ ಸರಿಯಾಗಿ ಕಾಣಲ್ವಲ್ಲ, ಇದರದ್ದು ಎಚ್‌ಡಿ ಇಲ್ವಾ?" ಅಂದ.